ಅಭ್ಯಾಸದ .22 ಕೈಬಂದೂಕಿನ ಆಯ್ಕೆ

ಅಭ್ಯಾಸದ .22 ಕೈಬಂದೂಕು ಎಂದರೆ ಗುರಿ ಹೊಡೆಯುವ ವಿದ್ಯೆಯನ್ನು ಕಲಿಯುವವರು ಬಳಸುವ, .22 ಲಾಂಗ್ ರೈಫಲ್ ಎಂಬ ಸಣ್ಣ ಕಾಡತೂಸನ್ನು ಹಾರಿಸುವ ಪಿಸ್ತೂಲು ಅಥವಾ ರಿವಾಲ್ವರ್. ಇದರ ನಳಿಕೆಯ ಒಳವ್ಯಾಸ ಸುಮಾರು 5.6 ಮಿಲಿಮೀಟರ್. ಹಿಂದೊದೆತ ಕಡಿಮೆ, ಸದ್ದು ಕಡಿಮೆ, ಕಾಡತೂಸಿನ ಬೆಲೆಯೂ ಕಡಿಮೆ. ಆದ್ದರಿಂದ ಹೊಸಬರಿಗೆ ಮೊದಲ ಆಯುಧವಾಗಿ ಇದನ್ನೇ ಸೂಚಿಸುವ ರೂಢಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಯುರೋಪಿನ ಹಲವು ದೇಶಗಳಲ್ಲಿಯೂ ಬಹುಕಾಲದಿಂದ ಇದೆ. ಒಲಿಂಪಿಕ್ ಕ್ರೀಡೆಗಳ 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಬಳಕೆಯಾಗುವುದೂ ಇದೇ ಕಾಡತೂಸು.

ಮೊದಲ ಆಯುಧದ ಆಯ್ಕೆ ಕೇವಲ ಖರೀದಿಯ ವಿಷಯವಲ್ಲ. ಕೈಗೆ ಹೊಂದದ ಅಥವಾ ಅತಿಯಾಗಿ ಒದೆಯುವ ಬಂದೂಕಿನಿಂದ ಕಲಿಯಲಾರಂಭಿಸಿದವರಲ್ಲಿ ಬೆದರುವ ಅಭ್ಯಾಸ ಬೇರೂರುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಮತ್ತೊಂದೆಡೆ, ‘ಸಣ್ಣದು’ ಎಂಬ ಕಾರಣಕ್ಕೆ .22 ಬಂದೂಕನ್ನು ಆಟಿಕೆಯೆಂದು ಭಾವಿಸುವುದು ಪ್ರಾಣಾಪಾಯಕ್ಕೆ ದಾರಿ. ಈ ಎರಡೂ ಸಂಗತಿಗಳನ್ನು ಗಮನದಲ್ಲಿಟ್ಟು ಆಯ್ಕೆಯ ತತ್ತ್ವಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾಡತೂಸಿನ ಸ್ವರೂಪ

.22 ಲಾಂಗ್ ರೈಫಲ್ ‘ರಿಮ್‌ಫೈರ್’ ವರ್ಗದ ಕಾಡತೂಸು. ದೊಡ್ಡ ಕಾಡತೂಸುಗಳಲ್ಲಿ ಹೊತ್ತಿಸುವ ಮದ್ದು ತಳದ ನಡುವೆ ಪ್ರತ್ಯೇಕ ಬಟ್ಟಲಿನಲ್ಲಿರುತ್ತದೆ. ಅವನ್ನು ‘ಸೆಂಟರ್‌ಫೈರ್’ ಎನ್ನುತ್ತಾರೆ. ರಿಮ್‌ಫೈರ್‌ನಲ್ಲಾದರೋ ಆ ಮದ್ದು ಹಿತ್ತಾಳೆಯ ಕೊಳವೆಯ ತಳದ ಮಡಿಕೆಯ ಅಂಚಿನೊಳಗೆ ಹರಡಿಕೊಂಡಿರುತ್ತದೆ. ಫೈರಿಂಗ್ ಪಿನ್ ಎಂಬ ಮೊಳೆ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟಿ ಒಳಗಿನ ಮದ್ದು ಉರಿಯುತ್ತದೆ. ತಯಾರಿಕೆ ಸುಲಭವಾದ್ದರಿಂದ ಬೆಲೆ ಕಡಿಮೆ. ಆದರೆ ಒಮ್ಮೆ ಹಾರಿಸಿದ ಕೊಳವೆಯನ್ನು ಮತ್ತೆ ತುಂಬಿ ಬಳಸಲು ಬರುವುದಿಲ್ಲ. ಅಂಚಿನ ಯಾವುದೋ ಒಂದು ಭಾಗಕ್ಕೆ ಮದ್ದು ಸರಿಯಾಗಿ ಹರಡದಿದ್ದರೆ ಗುಂಡು ಹಾರದೆ ಉಳಿಯುವುದೂ ಉಂಟು. ಸೆಂಟರ್‌ಫೈರ್‌ಗೆ ಹೋಲಿಸಿದರೆ ರಿಮ್‌ಫೈರ್‌ನಲ್ಲಿ ಇಂತಹ ತಪ್ಪುಹೊಡೆತಗಳು ಹೆಚ್ಚು.

ಇದರ ಸಾಮಾನ್ಯ ಗುಂಡಿನ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಪೊಲೀಸರೂ ಸೈನಿಕರೂ ಬಳಸುವ 9 ಮಿ.ಮೀ. ಪಿಸ್ತೂಲಿನ ಗುಂಡು 7.5ರಿಂದ 8 ಗ್ರಾಂ ತೂಗುತ್ತದೆ. ಪಿಸ್ತೂಲಿನ ಗಿಡ್ಡ ನಳಿಕೆಯಿಂದ .22 ಗುಂಡು ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 120 ಜೂಲಿನ ಆಸುಪಾಸು. 9 ಮಿ.ಮೀ. ಗುಂಡಿನ ಶಕ್ತಿ ಇದರ ನಾಲ್ಕು ಪಟ್ಟು. ಗುಂಡು ಮುಂದಕ್ಕೆ ಹೋಗುವ ಆವೇಗಕ್ಕೆ ಸಮನಾಗಿ ಬಂದೂಕು ಹಿಂದಕ್ಕೆ ಒದೆಯುತ್ತದೆಂಬುದು ನ್ಯೂಟನ್ನನ ಮೂರನೆಯ ನಿಯಮ. ಒಂದು ಕಿಲೋ ತೂಗುವ .22 ಪಿಸ್ತೂಲಿನ ಒದೆತವನ್ನು ಎಳೆಯರೂ ವೃದ್ಧರೂ ಸುಲಭವಾಗಿ ತಾಳಬಲ್ಲುದಕ್ಕೆ ಈ ಲೆಕ್ಕವೇ ಕಾರಣ.

ಆದರೂ ಇದು ಮಾರಕ ಕಾಡತೂಸೇ. .22 ಕಾಡತೂಸಿನ ಪೆಟ್ಟಿಗೆಗಳ ಮೇಲೆ ಗುಂಡು ಒಂದೂವರೆ ಮೈಲಿ, ಅಂದರೆ ಸುಮಾರು 2.4 ಕಿ.ಮೀ. ದೂರದವರೆಗೆ ಅಪಾಯಕಾರಿ ಎಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಗಟ್ಟಿ ನೆಲ, ಕಲ್ಲು ಅಥವಾ ನೀರಿನ ಮೇಲ್ಮೈಗೆ ತಾಗಿ ಇದು ದಿಕ್ಕು ಬದಲಿಸಿ ಚಿಮ್ಮುವುದೂ ಉಂಟು. ಮಣ್ಣಿನ ದಿಣ್ಣೆಯಿಲ್ಲದ ಬಯಲಿನಲ್ಲಿ ಅಭ್ಯಾಸ ಸಲ್ಲದು.

ಇತಿಹಾಸ

ರಿಮ್‌ಫೈರ್ ತತ್ತ್ವದ ಮೂಲ ಫ್ರಾನ್ಸಿನಲ್ಲಿದೆ. 1845ರಲ್ಲಿ ಲೂಯಿ ಫ್ಲೋಬೇರ್ ಎಂಬ ಕುಶಲಕರ್ಮಿ ಮನೆಯೊಳಗೆ ಗುರಿಯಾಟವಾಡಲು ಅತಿ ಸಣ್ಣ ಕಾಡತೂಸನ್ನು ರೂಪಿಸಿದನು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಸಂಸ್ಥೆ 1857ರಲ್ಲಿ ತನ್ನ ಮೊದಲ ರಿವಾಲ್ವರನ್ನು .22 ಶಾರ್ಟ್ ಎಂಬ ಕಾಡತೂಸಿಗಾಗಿ ತಯಾರಿಸಿತು. ಜೆ. ಸ್ಟೀವನ್ಸ್ ಸಂಸ್ಥೆ 1887ರಲ್ಲಿ .22 ಲಾಂಗ್ ರೈಫಲ್ ಕಾಡತೂಸನ್ನು ಹೊರತಂದಿತು. ಆ ಮೇಲೆ ಬಂದ ಅನೇಕ ಕಾಡತೂಸುಗಳು ಮರೆಯಾದರೂ ಇದು ಇಂದಿಗೂ ಬಳಕೆಯಲ್ಲಿದೆ.

ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಕೋಲ್ಟ್ ಸಂಸ್ಥೆಯ .22 ಪಿಸ್ತೂಲು 1915ರಲ್ಲಿ ಮಾರುಕಟ್ಟೆಗೆ ಬಂದಿತು. ಮುಂದೆ ‘ವುಡ್ಸ್‌ಮನ್’ ಎಂಬ ಹೆಸರು ಪಡೆದ ಇದು 1977ರವರೆಗೆ ತಯಾರಾಯಿತು. ದೊಡ್ಡ ಪಿಸ್ತೂಲಿನ ಆಕಾರದಲ್ಲಿಯೇ ಅಗ್ಗದ ಕಾಡತೂಸಿನಿಂದ ಅಭ್ಯಾಸ ಮಾಡುವ ಆಲೋಚನೆಯೂ ಹಳೆಯದೇ. ಅಮೆರಿಕದ ಸೇನೆಯ .45 ಪಿಸ್ತೂಲನ್ನೇ ಹೋಲುವ ‘ಕೋಲ್ಟ್ ಏಸ್’ ಎಂಬ .22 ಪಿಸ್ತೂಲು 1931ರಲ್ಲಿ ಬಂದಿತು. ಸಣ್ಣ ಕಾಡತೂಸಿನ ಒದೆತ ದೊಡ್ಡ ಪಿಸ್ತೂಲಿನಂತೆ ಭಾಸವಾಗಲೆಂದು ಡೇವಿಡ್ ಮಾರ್ಷಲ್ ವಿಲಿಯಮ್ಸ್ ರೂಪಿಸಿದ ತೇಲುವ ಚೇಂಬರನ್ನು ಅದರ 1937ರ ಮಾದರಿಯಲ್ಲಿ ಅಳವಡಿಸಲಾಯಿತು.

ವಿಲಿಯಂ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಸೇರಿ ಕನೆಕ್ಟಿಕಟ್ ರಾಜ್ಯದಲ್ಲಿ ಸ್ಥಾಪಿಸಿದ ಸಂಸ್ಥೆ 1949ರಲ್ಲಿ ‘ರೂಗರ್ ಸ್ಟ್ಯಾಂಡರ್ಡ್’ ಪಿಸ್ತೂಲನ್ನು 37.50 ಡಾಲರಿಗೆ ಮಾರತೊಡಗಿತು. ಹೊರನೋಟಕ್ಕೆ ಜರ್ಮನಿಯ ಲೂಗರ್‌ನಂತಿದ್ದರೂ ಒಳಗಿನ ಬೋಲ್ಟ್‌ನ ರಚನೆ ಜಪಾನಿನ ನಾಂಬು ಪಿಸ್ತೂಲನ್ನು ಹೋಲುತ್ತಿತ್ತು. ಸಾಮಾನ್ಯರ ಕೈಗೆಟುಕುವ, ನಿಖರವಾದ ಅಭ್ಯಾಸದ ಪಿಸ್ತೂಲೆಂದು ಅದು ಹೆಸರಾಯಿತು. ಅದರ ವಂಶದ ಮಾರ್ಕ್ II 1982ರಲ್ಲಿಯೂ ಮಾರ್ಕ್ IV 2016ರಲ್ಲಿಯೂ ಬಂದವು.

ಹೊಸಬರಿಗೆ ಸಣ್ಣ ಕ್ಯಾಲಿಬರ್ ಏಕೆ

ಗುರಿ ತಪ್ಪುವುದಕ್ಕೆ ಕಣ್ಣಿಗಿಂತ ಕೈಯೇ ಹೆಚ್ಚಾಗಿ ಕಾರಣ. ಸದ್ದನ್ನೂ ಒದೆತವನ್ನೂ ನಿರೀಕ್ಷಿಸುವ ದೇಹ ಟ್ರಿಗರ್ ಎಳೆಯುವ ಕ್ಷಣದಲ್ಲಿಯೇ ಬಿಗಿಯುತ್ತದೆ, ಮಣಿಕಟ್ಟು ಕೆಳಕ್ಕೆ ಬಾಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಗುಂಡು ನಳಿಕೆಯಿಂದ ಹೊರಬೀಳುವ ಮೊದಲೇ ನಳಿಕೆಯ ದಿಕ್ಕು ಬದಲಾಗಿರುತ್ತದೆ. ಈ ಬೆದರಿಕೆ ಮನಸ್ಸಿನ ದೌರ್ಬಲ್ಯವಲ್ಲ, ದೇಹದ ಸಹಜ ಪ್ರತಿಕ್ರಿಯೆ. ದೊಡ್ಡ ಬಂದೂಕಿನಿಂದ ಆರಂಭಿಸಿದರೆ ಪ್ರತಿ ಹೊಡೆತವೂ ಈ ಪ್ರತಿಕ್ರಿಯೆಯನ್ನು ಬಲಪಡಿಸುತ್ತದೆ. .22ರಿಂದ ಆರಂಭಿಸಿದವರು ಹಿಡಿತ, ನಿಲುವು, ಉಸಿರು, ಟ್ರಿಗರ್ ಎಳೆತ ಇವುಗಳ ಕಡೆಗೆ ಗಮನ ಕೊಡಬಲ್ಲರು.

ಎರಡನೆಯ ಕಾರಣ ಪುನರಾವರ್ತನೆ. ಒಂದೇ ಖರ್ಚಿನಲ್ಲಿ 9 ಮಿ.ಮೀ. ಗುಂಡುಗಳಿಗಿಂತ .22 ಗುಂಡುಗಳನ್ನು ಸಾಮಾನ್ಯವಾಗಿ ಹೆಚ್ಚು ಸಂಖ್ಯೆಯಲ್ಲಿ ಹಾರಿಸಬಹುದು. ಆದರೆ ಈ ಅನುಕೂಲ ಶಾಶ್ವತವೆಂದು ನಂಬಲಾಗದು. 2013ರಲ್ಲಿ ಅಮೆರಿಕದಲ್ಲಿ .22 ಕಾಡತೂಸಿನ ತೀವ್ರ ಕೊರತೆಯುಂಟಾಗಿ ಅಂಗಡಿಗಳ ಕಪಾಟುಗಳು ಬರಿದಾಗಿದ್ದವು. ಆ ಕೊರತೆ ಪೂರ್ತಿ ನೀಗಲು ಕೆಲವು ವರ್ಷಗಳೇ ಹಿಡಿದವು.

ಪ್ರಕಾರಗಳು

ಗುರಿಯಾಟದ ಪಿಸ್ತೂಲುಗಳು: ಇವುಗಳಲ್ಲಿ ನಳಿಕೆ ಚೌಕಟ್ಟಿಗೆ ಅಲುಗಾಡದಂತೆ ಕೂಡಿಕೊಂಡಿರುತ್ತದೆ. ಹಿಂದಕ್ಕೂ ಮುಂದಕ್ಕೂ ಚಲಿಸುವುದು ಹಿಂಬದಿಯ ಬೋಲ್ಟ್ ಅಥವಾ ಗಿಡ್ಡ ಸ್ಲೈಡ್ ಮಾತ್ರ. ರೂಗರ್ ಮಾರ್ಕ್ IV, 1985ರಿಂದ ತಯಾರಾಗುತ್ತಿರುವ ಬ್ರೌನಿಂಗ್ ಬಕ್ ಮಾರ್ಕ್, 2016ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ವಿಕ್ಟರಿ ಈ ವರ್ಗದವು. ನಳಿಕೆ ಉದ್ದ, ತೂಕ ಒಂದು ಕಿಲೋ ಆಸುಪಾಸು, ಟ್ರಿಗರ್ ಹಗುರ. ನಿಖರತೆಯನ್ನು ಕಲಿಯಬಯಸುವ ಹೊಸಬರಿಗೆ ಇವು ಬಹುಮಟ್ಟಿಗೆ ಉತ್ತಮ ಆಯ್ಕೆ. ರೂಗರ್‌ನ ಹಳೆಯ ಮಾದರಿಗಳನ್ನು ಬಿಚ್ಚಿ ಜೋಡಿಸುವುದು ಪ್ರಯಾಸದ ಕೆಲಸವಾಗಿತ್ತು. ಮಾರ್ಕ್ IVರಲ್ಲಿ ಹಿಂಬದಿಯ ಒಂದು ಗುಂಡಿಯನ್ನೊತ್ತಿ ಬಿಚ್ಚಬಹುದು.

ಸೇವಾ ಪಿಸ್ತೂಲುಗಳ ಪ್ರತಿರೂಪಗಳು: ಪೊಲೀಸ್ ಮತ್ತು ಸೇನಾ ಪಿಸ್ತೂಲುಗಳ ಆಕಾರವನ್ನೂ ಗುಂಡಿಗಳ ಸ್ಥಾನವನ್ನೂ ಅನುಸರಿಸಿದವು ಇವು. ವಾಲ್ಟರ್ ಪಿ22, ರೂಗರ್ ಎಸ್‌ಆರ್22, ಟಾರಸ್ ಟಿಎಕ್ಸ್22, 2020ರಲ್ಲಿ ಬಂದ ಗ್ಲಾಕ್ 44 ಇದಕ್ಕೆ ಉದಾಹರಣೆಗಳು. ಮುಂದೆ ಅದೇ ಬಗೆಯ 9 ಮಿ.ಮೀ. ಪಿಸ್ತೂಲನ್ನು ಬಳಸಲಿರುವವರಿಗೆ ಇವು ಅನುಕೂಲ. ಗ್ಲಾಕ್ 44 ಅರ್ಧ ಕಿಲೋಗಿಂತಲೂ ಹಗುರ. ಹೊತ್ತೊಯ್ಯಲು ಇದು ಸುಖವಾದರೂ, ಹಗುರವಾದ ಬಂದೂಕನ್ನು ಗುರಿಯ ಮೇಲೆ ಸ್ಥಿರವಾಗಿ ನಿಲ್ಲಿಸುವುದು ಭಾರವಾದುದಕ್ಕಿಂತ ಕಷ್ಟ.

ಡಬಲ್ ಆಕ್ಷನ್ ರಿವಾಲ್ವರ್‌ಗಳು: ಟ್ರಿಗರ್ ಎಳೆದಂತೆ ಉರುಳೆ ತಿರುಗಿ, ಹ್ಯಾಮರ್ ಎದ್ದು ಬೀಳುತ್ತದೆ. ಮ್ಯಾಗಜಿನ್ ಇಲ್ಲದ ಕಾರಣ ಕಾಡತೂಸು ಸಿಕ್ಕಿಬೀಳುವ ತೊಂದರೆ ಕಡಿಮೆ. ಉರುಳೆಯನ್ನು ಹೊರಳಿಸಿದರೆ ಗುಂಡು ಇದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತದೆ. ಕಲಿಸುವವರಿಗೆ ಇದು ದೊಡ್ಡ ಅನುಕೂಲ. ಸ್ಮಿತ್ ಅಂಡ್ ವೆಸನ್‌ನ 17 ಮತ್ತು 617 ಮಾದರಿಗಳು ಪ್ರಸಿದ್ಧ. ರಿಮ್‌ಫೈರ್‌ನ ಅಂಚನ್ನು ಜಜ್ಜಲು ಬಲವಾದ ಹೊಡೆತ ಬೇಕಾದ್ದರಿಂದ .22 ರಿವಾಲ್ವರ್‌ಗಳ ಟ್ರಿಗರ್ ಸಾಮಾನ್ಯವಾಗಿ ಬಿಗಿ. ಬೆರಳಿನಲ್ಲಿ ಶಕ್ತಿ ಕಡಿಮೆಯಿರುವವರು ಹ್ಯಾಮರನ್ನು ಮೊದಲು ಕೈಯಿಂದ ಹಿಂದಕ್ಕೆಳೆದು ಹಾರಿಸಬೇಕಾಗುತ್ತದೆ.

ಸಿಂಗಲ್ ಆಕ್ಷನ್ ರಿವಾಲ್ವರ್‌ಗಳು: ಪ್ರತಿ ಹೊಡೆತಕ್ಕೂ ಹ್ಯಾಮರನ್ನು ಹಿಂದಕ್ಕೆ ಎಳೆಯಲೇಬೇಕು. 1953ರ ರೂಗರ್ ಸಿಂಗಲ್ ಸಿಕ್ಸ್, 2019ರ ಅಗ್ಗದ ರ್‍ಯಾಂಗ್ಲರ್ ಈ ಜಾತಿಯವು. ಗುಂಡುಗಳನ್ನು ಒಂದೊಂದಾಗಿ ತುಂಬಿ, ಖಾಲಿ ಕೊಳವೆಗಳನ್ನು ಒಂದೊಂದಾಗಿಯೇ ಹೊರದೂಡಬೇಕು. ನಿಧಾನವೇ ಇದರ ಗುಣ. ಅವಸರವಿಲ್ಲದೆ ಪ್ರತಿಯೊಂದು ಹೊಡೆತವನ್ನೂ ಯೋಚಿಸಿ ಹಾರಿಸುವ ಶಿಸ್ತನ್ನು ಇದು ತಾನಾಗಿಯೇ ಕಲಿಸುತ್ತದೆ.

ಪರಿವರ್ತನಾ ಜೋಡಣೆಗಳು: ದೊಡ್ಡ ಪಿಸ್ತೂಲಿನ ಮೇಲ್ಭಾಗವನ್ನೂ ಮ್ಯಾಗಜಿನನ್ನೂ ತೆಗೆದು .22 ಭಾಗಗಳನ್ನು ಕೂರಿಸುವ ವಿಧಾನವಿದು. ಜೆಕ್ ದೇಶದ ಸಿಝಡ್ 75 ಪಿಸ್ತೂಲಿಗೆ ದೊರೆಯುವ ‘ಕಡೆಟ್’ ಜೋಡಣೆ ಹೆಸರುವಾಸಿ. ಅದೇ ಹಿಡಿ, ಅದೇ ಟ್ರಿಗರ್ ಉಳಿಯುವುದು ಇದರ ಲಾಭ. ಆದರೆ ದೊಡ್ಡ ಪಿಸ್ತೂಲು ಈಗಾಗಲೇ ಇರುವವರಿಗೆ ಮಾತ್ರ ಇದು ಸಲ್ಲುತ್ತದೆ.

ಸ್ಪರ್ಧಾ ಪಿಸ್ತೂಲುಗಳು: ಇಟಲಿಯ ಪಾರ್ದಿನಿ, ಸ್ವಿಟ್ಜರ್‌ಲೆಂಡಿನ ಮೊರಿನಿ, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವೆರ್ಕ್‌ಬೌ ಸಂಸ್ಥೆಗಳ ಪಿಸ್ತೂಲುಗಳಲ್ಲಿ ಕೈಯ ಅಚ್ಚಿಗೆ ತಕ್ಕಂತೆ ಕೆತ್ತಿದ ಮರದ ಹಿಡಿಯಿರುತ್ತದೆ. ಬೆಲೆ ಬಹಳ ಹೆಚ್ಚು. ಸ್ಪರ್ಧೆಯ ನಿರ್ಧಾರ ಗಟ್ಟಿಯಾಗುವವರೆಗೆ ಹೊಸಬರು ಇವನ್ನು ಕೊಳ್ಳುವ ಅಗತ್ಯವಿಲ್ಲ.

ಆಯ್ಕೆಯ ಮಾನದಂಡಗಳು

ಹಿಡಿಯ ಹೊಂದಿಕೆ

ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಇದೇ. ಖಾಲಿ ಮಾಡಿದ ಬಂದೂಕನ್ನು ಹಿಡಿದಾಗ ನಳಿಕೆ ಮುಂದೋಳಿನ ನೇರದಲ್ಲಿರಬೇಕು. ತೋರುಬೆರಳಿನ ಮೊದಲ ಗಿಣ್ಣಿನ ಮುಂದಿರುವ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಸಹಜವಾಗಿ ಕೂರಬೇಕು. ಬೆರಳು ಮುಟ್ಟಲೆಂದು ಕೈಯನ್ನು ಪಕ್ಕಕ್ಕೆ ತಿರುಗಿಸಬೇಕಾದರೆ ಹಿಡಿ ದೊಡ್ಡದಾಯಿತು. ಬೆರಳು ಎರಡನೆಯ ಗಿಣ್ಣಿನವರೆಗೂ ಒಳಕ್ಕೆ ಹೋದರೆ ಹಿಡಿ ಸಣ್ಣದಾಯಿತು. ಹಿಂಬದಿಯ ಪಟ್ಟಿಯನ್ನು ಬದಲಿಸಿಕೊಳ್ಳುವ ಸೌಲಭ್ಯ ಕೆಲವು ಪಿಸ್ತೂಲುಗಳಲ್ಲಿದೆ. ಮನೆಯಲ್ಲಿ ಇಬ್ಬರು ಮೂವರು ಒಂದೇ ಪಿಸ್ತೂಲಿನಿಂದ ಕಲಿಯುವಾಗ ಇದು ಉಪಯುಕ್ತ.

ಕೈಯ ಬಲ

ಸ್ಲೈಡನ್ನು ಹಿಂದಕ್ಕೆ ಎಳೆಯುವುದೂ ಮ್ಯಾಗಜಿನ್ನಿಗೆ ಗುಂಡು ತುಂಬುವುದೂ ಬೆರಳಿಗೆ ಶ್ರಮ ಕೊಡುವ ಕೆಲಸಗಳು. ಸಂಧಿವಾತವಿರುವವರಿಗೂ ಎಳೆಯರಿಗೂ ಇದು ತೊಡಕಾಗಬಹುದು. .22 ಪಿಸ್ತೂಲಿನ ಸ್ಪ್ರಿಂಗ್ 9 ಮಿ.ಮೀ. ಪಿಸ್ತೂಲಿನದಕ್ಕಿಂತ ಮೃದು. ಆದರೂ ಕೊಳ್ಳುವ ಮುನ್ನ ಸ್ವತಃ ಎಳೆದು ನೋಡುವುದು ಒಳ್ಳೆಯದು. ಕಲಿಯುವವರ ಬದಲು ಬೇರೊಬ್ಬರು ಆರಿಸಿ ತಂದ ಬಂದೂಕು ಅನೇಕ ವೇಳೆ ಆ ಬೇರೊಬ್ಬರ ಕೈಗೇ ಸರಿಹೊಂದಿರುತ್ತದೆ.

ಟ್ರಿಗರ್

ಎಳೆತದ ಭಾರ ಹಾಗೂ ಎಳೆತದ ಗುಣ ಎರಡನ್ನೂ ಗಮನಿಸಬೇಕು. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮದಂತೆ 25 ಮೀಟರ್ ಸ್ಪರ್ಧಾ ಪಿಸ್ತೂಲಿನ ಟ್ರಿಗರ್ ಕನಿಷ್ಠ 1000 ಗ್ರಾಂ ಭಾರವನ್ನು ತಾಳಬೇಕು. ಹೊಸಬರಿಗೆ ಅದಕ್ಕಿಂತ ತುಸು ಬಿಗಿಯಾದ, ಆದರೆ ತೊಡರಿಲ್ಲದೆ ಸಾಗಿ ಥಟ್ಟನೆ ಬಿಡುವ ಟ್ರಿಗರ್ ಮೇಲು. ಅತಿ ಹಗುರವಾದ ಟ್ರಿಗರ್ ಅಭ್ಯಾಸವಿಲ್ಲದ ಬೆರಳಿನಡಿ ಅನಿರೀಕ್ಷಿತವಾಗಿ ಹಾರಿಬಿಡಬಹುದು. ಅತಿ ಬಿಗಿಯಾದುದು ಇಡೀ ಕೈಯನ್ನೇ ಹಿಂಡಿಸಿ ನಳಿಕೆಯನ್ನು ಪಕ್ಕಕ್ಕೆ ಸರಿಸುತ್ತದೆ.

ಸೈಟ್ ಮತ್ತು ನಳಿಕೆಯ ಉದ್ದ

ಮುಂದಿನ ಸೈಟ್ ಮತ್ತು ಹಿಂದಿನ ಸೈಟ್ ನಡುವಿನ ಅಂತರ ಹೆಚ್ಚಿದಷ್ಟೂ ಗುರಿ ಜೋಡಿಸುವಾಗ ಆಗುವ ದೋಷ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕೂವರೆಯಿಂದ ಐದೂವರೆ ಅಂಗುಲದ ನಳಿಕೆ ಕಲಿಕೆಗೆ ಅನುಕೂಲ. ಎರಡು ಅಂಗುಲದ ಗಿಡ್ಡ ರಿವಾಲ್ವರ್ ನೋಡಲು ಮುದ್ದಾಗಿದ್ದರೂ ಅದರಿಂದ ನಿಖರವಾಗಿ ಹೊಡೆಯುವುದು ನುರಿತವರಿಗೂ ಸವಾಲು. ಕಾಡತೂಸಿನ ತಯಾರಕರು ಬದಲಾದಂತೆ ಗುಂಡು ತಾಗುವ ಜಾಗವೂ ಬದಲಾಗುವುದರಿಂದ ಸರಿಪಡಿಸಿಕೊಳ್ಳಬಹುದಾದ ಹಿಂದಿನ ಸೈಟ್ ಇರುವುದು ಲೇಸು. ವಯಸ್ಸಾದವರಿಗೆ ಹತ್ತಿರದ ಸೈಟ್ ಮಸುಕಾಗಿ ಕಾಣುತ್ತದೆ. ಅಂತಹವರು ಕೆಂಪು ಚುಕ್ಕೆ ತೋರುವ ಬೆಳಕಿನ ಸೈಟನ್ನು ಕೂರಿಸಲು ಅವಕಾಶವಿರುವ ಮಾದರಿಯನ್ನು ಆರಿಸಬಹುದು.

ಎಡಗೈ ಮತ್ತು ಪ್ರಬಲ ಕಣ್ಣು

ಎರಡು ಕಣ್ಣುಗಳಲ್ಲಿ ಒಂದು ಪ್ರಬಲವಾಗಿರುತ್ತದೆ. ಎರಡೂ ಕೈಗಳನ್ನು ಚಾಚಿ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ ದೂರದ ವಸ್ತುವೊಂದನ್ನು ಅದರಲ್ಲಿ ನೋಡಿ, ಒಂದೊಂದೇ ಕಣ್ಣು ಮುಚ್ಚಿದರೆ ಇದು ತಿಳಿಯುತ್ತದೆ. ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲಿಯೇ ಉಳಿಯುವುದೋ ಅದೇ ಪ್ರಬಲ ಕಣ್ಣು. ಎಡಗೈಯವರು ಸುರಕ್ಷತಾ ಗುಂಡಿ ಎರಡು ಬದಿಯಲ್ಲಿಯೂ ಇರುವ ಪಿಸ್ತೂಲನ್ನು ಅಥವಾ ರಿವಾಲ್ವರನ್ನು ನೋಡಬೇಕು. ಕೆಲವು ಸ್ಪರ್ಧಾ ಪಿಸ್ತೂಲುಗಳಿಗೆ ಎಡಗೈ ಹಿಡಿಗಳೂ ದೊರೆಯುತ್ತವೆ. ಹಂಗೇರಿಯ ಕಾರೊಯ್ ಟಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈಯನ್ನು ಕಳೆದುಕೊಂಡ ಮೇಲೆ ಎಡಗೈಯಲ್ಲಿ ಅಭ್ಯಾಸ ಮಾಡಿ, 1948 ಮತ್ತು 1952ರ ಒಲಿಂಪಿಕ್‌ಗಳಲ್ಲಿ ರ್‍ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದರು. ಎಡಗೈ ಅಡ್ಡಿಯಲ್ಲವೆನ್ನಲು ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಾಡತೂಸಿನ ಹೊಂದಿಕೆ

.22 ಎಂಬ ಹೆಸರಿನಿಂದ ಆರಂಭವಾಗುವ ಎಲ್ಲ ಕಾಡತೂಸುಗಳೂ ಒಂದೇ ಅಲ್ಲ. .22 ಮ್ಯಾಗ್ನಮ್ ಎಂಬುದು ಉದ್ದವೂ ದಪ್ಪವೂ ಆದ ಬೇರೊಂದು ಕಾಡತೂಸು. ಅದು ಲಾಂಗ್ ರೈಫಲ್ ಚೇಂಬರಿಗೆ ಹಿಡಿಸುವುದಿಲ್ಲ. ಲಾಂಗ್ ರೈಫಲ್ ಕಾಡತೂಸನ್ನು ಮ್ಯಾಗ್ನಮ್ ಚೇಂಬರಿನಲ್ಲಿ ಹಾರಿಸಿದರೆ ಕೊಳವೆ ಸೀಳಬಹುದು. ನಳಿಕೆಯ ಮೇಲೆ ಕೊರೆದಿರುವ ಹೆಸರನ್ನೂ ಪೆಟ್ಟಿಗೆಯ ಮೇಲಿನ ಹೆಸರನ್ನೂ ಪ್ರತಿ ಸಲವೂ ಹೋಲಿಸಿ ನೋಡಬೇಕು.

ಸ್ವಯಂಚಾಲಿತವಾಗಿ ಮುಂದಿನ ಗುಂಡನ್ನು ಏರಿಸಿಕೊಳ್ಳುವ ಪಿಸ್ತೂಲುಗಳಿಗೆ ಸ್ಲೈಡನ್ನು ಹಿಂದಕ್ಕೆ ದೂಡುವಷ್ಟು ಬಲ ಬೇಕು. ಪ್ರತಿರೂಪ ವರ್ಗದ ಕೆಲವು ಪಿಸ್ತೂಲುಗಳು ಮಂದವೇಗದ ಕಾಡತೂಸಿನಲ್ಲಿ ತಡೆತಡೆದು ನಡೆಯುತ್ತವೆ. ಹೆಚ್ಚು ವೇಗದ, ತಾಮ್ರದ ಲೇಪವಿರುವ ಗುಂಡುಗಳಲ್ಲಿ ಸರಾಗವಾಗಿ ಸಾಗುತ್ತವೆ. ಗುರಿಯಾಟದ ಪಿಸ್ತೂಲುಗಳಾದರೆ ಮಂದವೇಗದ ಕಾಡತೂಸಿನಲ್ಲಿಯೇ ಹೆಚ್ಚು ನಿಖರವಾಗಿರುವುದುಂಟು. ಆದ್ದರಿಂದ ಒಂದೇ ಬಗೆಯ ಕಾಡತೂಸನ್ನು ರಾಶಿಯಾಗಿ ಕೊಳ್ಳುವ ಮೊದಲು ನಾಲ್ಕೈದು ಬಗೆಗಳನ್ನು ಸಣ್ಣ ಪ್ರಮಾಣದಲ್ಲಿ ತಂದು ಪರೀಕ್ಷಿಸಬೇಕು. .22 ಗುಂಡಿನ ಮೇಣದ ಲೇಪ ಮತ್ತು ಮದ್ದಿನ ಮಸಿ ಬೇಗ ಸೇರಿಕೊಳ್ಳುವುದರಿಂದ ಶುಚಿಗೊಳಿಸಲು ಸುಲಭವಾದ ರಚನೆಗೂ ಬೆಲೆಯಿದೆ.

ಬಳಸಿದ ಪಿಸ್ತೂಲುಗಳು

ಹಳೆಯ ಪಿಸ್ತೂಲುಗಳನ್ನು ಕೊಳ್ಳುವವರು ಬಿಡಿಭಾಗಗಳ ಮತ್ತು ಮ್ಯಾಗಜಿನ್‌ಗಳ ಲಭ್ಯತೆ, ಚೇಂಬರಿನ ಅಂಚಿನಲ್ಲಿ ಮೊಳೆ ಬಡಿದ ಗುರುತು, ನಳಿಕೆಯೊಳಗಿನ ಉಬ್ಬು ಇವನ್ನು ಪರೀಕ್ಷಿಸಬೇಕು. ತಯಾರಕರು ದೋಷವೊಂದಕ್ಕಾಗಿ ಹಿಂದಕ್ಕೆ ಕರೆಸಿಕೊಂಡ ಸರಣಿಗೆ ಅದು ಸೇರಿದೆಯೇ ಎಂದು ಕ್ರಮಸಂಖ್ಯೆಯ ಮೂಲಕ ತಿಳಿಯುವುದು ಅಗತ್ಯ. ಸುರಕ್ಷತಾ ಗುಂಡಿ ಪೂರ್ತಿ ಕೂರದೆ ನಡುವೆ ನಿಂತಾಗ ಗುಂಡು ಹಾರುವ ಸಾಧ್ಯತೆ ಕಂಡುಬಂದ ಕಾರಣ ರೂಗರ್ ಸಂಸ್ಥೆ ಮಾರ್ಕ್ IV ಪಿಸ್ತೂಲುಗಳ ಆರಂಭದ ತಯಾರಿಕೆಯನ್ನು 2017ರ ಜೂನ್ ತಿಂಗಳಲ್ಲಿ ಹೀಗೆ ಕರೆಸಿಕೊಂಡು ಸರಿಪಡಿಸಿಕೊಟ್ಟಿತು.

ಅಭ್ಯಾಸ ಕ್ರಮ

ಆರಂಭದ ದಿನಗಳಲ್ಲಿ ಗುರಿ ಹತ್ತಿರ, ಐದಾರು ಮೀಟರಿನಲ್ಲಿದ್ದರೆ ಸಾಕು. ಮ್ಯಾಗಜಿನ್ನಿಗೆ ಒಂದೇ ಗುಂಡು ಹಾಕಿ ಹಾರಿಸುವುದರಿಂದ ತೊಡಗಿ ಕ್ರಮೇಣ ಐದಕ್ಕೆ ಏರಬಹುದು. ಗುಂಡುಗಳು ಒಂದೆಡೆ ಗುಂಪಾಗಿ ಬೀಳುತ್ತಿದ್ದರೆ, ಆ ಗುಂಪು ನಡುವಿನಿಂದ ದೂರವಿದ್ದರೂ, ಕೈ ಸರಿಯಿದೆಯೆಂದು ಅರ್ಥ. ಸೈಟನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.

ಬೆದರುವಿಕೆಯನ್ನು ಪತ್ತೆಹಚ್ಚಲು ಸರಳ ಉಪಾಯವೊಂದಿದೆ. ರಿವಾಲ್ವರಿನ ಉರುಳೆಯಲ್ಲಿ ಕೆಲವು ಕೋಣೆಗಳಿಗೆ ಗುಂಡನ್ನೂ ಕೆಲವಕ್ಕೆ ಹಾರಿಸಿದ ಖಾಲಿ ಕೊಳವೆಯನ್ನೂ ತರಬೇತುದಾರರು ಕಲಿಯುವವರಿಗೆ ಕಾಣದಂತೆ ತುಂಬುತ್ತಾರೆ. ಖಾಲಿ ಕೊಳವೆಯ ಮೇಲೆ ಹ್ಯಾಮರ್ ಬಿದ್ದಾಗ ನಳಿಕೆ ಅದುರದೆ ನಿಂತರೆ ಟ್ರಿಗರ್ ಎಳೆತ ಸರಿ. ಕೆಳಕ್ಕೆ ಜಗ್ಗಿದರೆ ಬೆದರುವಿಕೆ ಇದೆ. ತನ್ನ ಕೈಯೇ ಜಗ್ಗಿದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಗುಂಡಿಲ್ಲದೆ ಟ್ರಿಗರ್ ಎಳೆಯುವ ಒಣ ಅಭ್ಯಾಸವೂ ಉಪಯುಕ್ತ. ಆದರೆ ರಿಮ್‌ಫೈರ್ ಬಂದೂಕುಗಳಲ್ಲಿ ಖಾಲಿ ಚೇಂಬರಿನ ಅಂಚಿಗೆ ಮೊಳೆ ನೇರವಾಗಿ ಬಡಿದು ಹಾನಿಯಾಗಬಹುದು. ಇದನ್ನು ತಡೆಯುವ ರಚನೆ ಕೆಲವು ಮಾದರಿಗಳಲ್ಲಿದೆ, ಕೆಲವುಗಳಲ್ಲಿಲ್ಲ. ತಯಾರಕರ ಕೈಪಿಡಿಯಲ್ಲಿ ಅನುಮತಿ ಇದ್ದರೆ ಮಾತ್ರ ಹೀಗೆ ಮಾಡಬೇಕು.

ಸುರಕ್ಷತೆ

ಪ್ರತಿಯೊಂದು ಬಂದೂಕಿನಲ್ಲಿಯೂ ಗುಂಡಿದೆಯೆಂದೇ ಭಾವಿಸುವುದು, ಹೊಡೆಯಬಾರದ ಯಾವುದರ ಕಡೆಗೂ ನಳಿಕೆಯನ್ನು ತಿರುಗಿಸದಿರುವುದು, ಗುರಿ ಜೋಡಿಸುವವರೆಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು, ಗುರಿಯನ್ನೂ ಅದರ ಹಿಂದಿರುವುದನ್ನೂ ತಿಳಿದಿರುವುದು ಎಂಬ ನಾಲ್ಕು ನಿಯಮಗಳು ಎಲ್ಲೆಡೆ ಮಾನ್ಯವಾಗಿವೆ. ಗಿಡ್ಡ ಪಿಸ್ತೂಲನ್ನು ತಿರುಗಿಸುವುದು ಉದ್ದನೆಯ ರೈಫಲ್‌ಗಿಂತ ಸುಲಭವಾದ್ದರಿಂದ ಹೊಸಬರು ಮಾತನಾಡಿಸಿದವರ ಕಡೆಗೆ ಬಂದೂಕು ಸಹಿತ ತಿರುಗುವ ಸಂಭವ ಹೆಚ್ಚು. ಮೊದಲ ಪಾಠಗಳಲ್ಲಿ ತರಬೇತುದಾರರು ಪಕ್ಕದಲ್ಲಿಯೇ ನಿಲ್ಲಬೇಕೆನ್ನುವುದು ಇದಕ್ಕಾಗಿಯೇ.

ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ನಳಿಕೆಯನ್ನು ಗುರಿಯ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆಯಿದೆ. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿದರೆ ಗುಂಡು ನಳಿಕೆಯಲ್ಲಿಯೇ ಸಿಲುಕಿರಬಹುದು. ಅದರ ಹಿಂದೆಯೇ ಮತ್ತೊಂದು ಗುಂಡು ಹಾರಿಸಿದರೆ ನಳಿಕೆ ಒಡೆಯುತ್ತದೆ. ಆದ್ದರಿಂದ ಕೂಡಲೇ ನಿಲ್ಲಿಸಿ, ಖಾಲಿ ಮಾಡಿ, ಪರೀಕ್ಷಿಸಬೇಕು.

.22 ಪಿಸ್ತೂಲಿನ ಸದ್ದು ಸಣ್ಣದೆಂದು ತೋರಿದರೂ ಅದು ಕಿವಿಗೆ ಹಾನಿ ಮಾಡುವ 140 ಡೆಸಿಬಲ್ ಮಟ್ಟವನ್ನು ಮೀರಬಹುದು. ಕಿವಿಯ ರಕ್ಷೆಯೂ ಕಣ್ಣಿನ ರಕ್ಷೆಯೂ ಕಡ್ಡಾಯ. ಹೊತ್ತಿಸುವ ಮದ್ದಿನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ, ಗುಂಡೂ ಸೀಸದ್ದೇ. ಗಾಳಿಯಾಡದ ಒಳಾಂಗಣದಲ್ಲಿ ಇದರ ಧೂಳು ಉಸಿರಿನಲ್ಲಿ ಸೇರುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಇದು ವಿಶೇಷವಾಗಿ ಹಾನಿಕರ. ಅಭ್ಯಾಸದ ನಡುವೆ ತಿನ್ನದಿರುವುದು, ಮುಗಿದ ಕೂಡಲೇ ಸೋಪಿನಿಂದ ಕೈ ಮುಖ ತೊಳೆಯುವುದು, ಬಟ್ಟೆ ಬದಲಿಸುವುದು ಆರೋಗ್ಯಕರ ರೂಢಿಗಳು.

ಮನೆಯಲ್ಲಿ ಬಂದೂಕನ್ನು ಖಾಲಿ ಮಾಡಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಯೂ, ಕಾಡತೂಸನ್ನು ಬೇರೊಂದು ಬೀಗದಲ್ಲಿಯೂ ಇಡಬೇಕು. ಮಕ್ಕಳ ಕೈಗೆ ಸಿಗುವ ಅಪಾಯದ ಜೊತೆಗೆ, ತೀವ್ರ ಮನೋವ್ಯಥೆಯಲ್ಲಿರುವವರ ಕೈಗೆ ಬಂದೂಕು ಸುಲಭವಾಗಿ ಎಟುಕುವುದೂ ದೊಡ್ಡ ಅಪಾಯ. ಕುಟುಂಬದಲ್ಲಿ ಅಂತಹ ಸ್ಥಿತಿ ಇದ್ದಾಗ ಬಂದೂಕು ಮನೆಯಲ್ಲಿಯೇ ಇರದಂತೆ ಕಾನೂನುಬದ್ಧ ವ್ಯವಸ್ಥೆ ಮಾಡಿಕೊಳ್ಳುವುದು ವಿವೇಕ.

ಸ್ಪರ್ಧಾ ಕ್ರೀಡೆಯಲ್ಲಿ

ಮಹಿಳೆಯರ 25 ಮೀಟರ್ ಪಿಸ್ತೂಲು ಸ್ಪರ್ಧೆ 1984ರಿಂದ ಒಲಿಂಪಿಕ್‌ನಲ್ಲಿದೆ. ಪುರುಷರ 25 ಮೀಟರ್ ರ್‍ಯಾಪಿಡ್ ಫೈರ್‌ನಲ್ಲಿ ಐದು ಗುರಿಗಳಿಗೆ ತಲಾ ಒಂದರಂತೆ ಐದು ಗುಂಡುಗಳನ್ನು ಕ್ರಮವಾಗಿ 8, 6 ಮತ್ತು 4 ಸೆಕೆಂಡುಗಳ ಅವಧಿಯಲ್ಲಿ ಹಾರಿಸಬೇಕು. ಈ ಸ್ಪರ್ಧೆಗಳ ಪಿಸ್ತೂಲು 1400 ಗ್ರಾಂ ಮೀರುವಂತಿಲ್ಲ. 300, 150 ಮತ್ತು 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು. ಸ್ಪರ್ಧೆಯ ಕಡೆಗೆ ಒಲವಿರುವವರು ಕೊಳ್ಳುವ ಮೊದಲೇ ಈ ಅಳತೆಗಳನ್ನು ತಿಳಿದಿರುವುದು ಒಳಿತು. ಇದೇ ಕಾಡತೂಸಿನ ಪುರುಷರ 50 ಮೀಟರ್ ಪಿಸ್ತೂಲು ಸ್ಪರ್ಧೆಯನ್ನು 2016ರ ರಿಯೊ ಒಲಿಂಪಿಕ್ ನಂತರ ಕೈಬಿಡಲಾಯಿತು.

ಭಾರತದ ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್‌ನ ರ್‍ಯಾಪಿಡ್ ಫೈರ್‌ನಲ್ಲಿ ಬೆಳ್ಳಿ ಗೆದ್ದರು. ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಏರ್ ಪಿಸ್ತೂಲಿನಿಂದ ಎರಡು ಕಂಚು ಗೆದ್ದ ಮನು ಭಾಕರ್ 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೆಯವರಾದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊದಲ್ಲಿ 50 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದ್ದರು.

ಕಾನೂನು

ಅಮೆರಿಕದಲ್ಲಿ 1968ರ ಬಂದೂಕು ನಿಯಂತ್ರಣ ಕಾಯಿದೆಯಂತೆ ಪರವಾನಗಿ ಪಡೆದ ವ್ಯಾಪಾರಿಗಳು 21 ವರ್ಷ ತುಂಬದವರಿಗೆ ಕೈಬಂದೂಕು ಮಾರುವಂತಿಲ್ಲ. ಕೊಳ್ಳುವವರ ಹಿನ್ನೆಲೆಯ ತಪಾಸಣೆಯೂ ನಡೆಯುತ್ತದೆ. ರಾಜ್ಯಗಳ ನಿಯಮಗಳು ಪ್ರತ್ಯೇಕ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಅನ್ವಯಿಸುತ್ತವೆ. .22 ಪಿಸ್ತೂಲಿಗೂ ಪರವಾನಗಿ ಕಡ್ಡಾಯ. ಜಿಲ್ಲೆಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರೂ, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಕಮಿಷನರರೂ ಪರವಾನಗಿ ನೀಡುವ ಅಧಿಕಾರಿಗಳು. ಆದ್ದರಿಂದ ಇಲ್ಲಿ ಹೊಸಬರ ದಾರಿ ಅಮೆರಿಕದವರ ದಾರಿಗಿಂತ ಭಿನ್ನ. ಸಾಮಾನ್ಯವಾಗಿ ಅವರು ಶೂಟಿಂಗ್ ಕ್ಲಬ್ಬಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನಿಂದ ತೊಡಗಿ, ಕೈ ಪಳಗಿದ ಮೇಲೆ ಕ್ಲಬ್ಬಿನ ಮೇಲ್ವಿಚಾರಣೆಯಲ್ಲಿ .22ಕ್ಕೆ ಬರುತ್ತಾರೆ. ಎನ್‌ಸಿಸಿ ಸೇರಿದ ವಿದ್ಯಾರ್ಥಿಗಳಿಗೆ .22 ಕಾಡತೂಸಿನ ಪರಿಚಯ ರೈಫಲ್ ಮೂಲಕ ಆಗುವುದುಂಟು. ಗುರಿ ಜೋಡಿಸುವ, ಉಸಿರು ಹಿಡಿಯುವ, ಟ್ರಿಗರನ್ನು ಮೆಲ್ಲಗೆ ಒತ್ತುವ ಪಾಠಗಳು ಪಿಸ್ತೂಲಿಗೂ ಸಲ್ಲುತ್ತವೆ.

ಮಿತಿಗಳು

.22 ಅಭ್ಯಾಸ ಎಲ್ಲವನ್ನೂ ಕಲಿಸುವುದಿಲ್ಲ. ದೊಡ್ಡ ಪಿಸ್ತೂಲಿನ ಒದೆತದಿಂದ ಎದ್ದ ನಳಿಕೆಯನ್ನು ಮತ್ತೆ ಗುರಿಗೆ ತರುವ ಕೌಶಲ ಅದನ್ನೇ ಹಾರಿಸಿದಾಗ ಮಾತ್ರ ಬರುತ್ತದೆ. ಸಡಿಲ ಹಿಡಿತವನ್ನು .22 ಕ್ಷಮಿಸುತ್ತದೆ, 9 ಮಿ.ಮೀ. ಕ್ಷಮಿಸುವುದಿಲ್ಲ. ಸೆಂಟರ್‌ಫೈರ್‌ಗೆ ಸಾಗಬಯಸುವವರು ಎರಡನ್ನೂ ಬೆರೆಸಿ ಅಭ್ಯಾಸ ಮಾಡುತ್ತಾರೆ. ದೊಡ್ಡದರಲ್ಲಿ ಬೆದರುವಿಕೆ ಕಾಣಿಸಿಕೊಂಡರೆ ಮತ್ತೆ.22ಕ್ಕೆ ಮರಳುತ್ತಾರೆ. ನುರಿತ ಶೂಟರ್‌ಗಳು ಸಹ .22 ಪಿಸ್ತೂಲನ್ನು ಕೈಬಿಡದಿರುವುದಕ್ಕೆ ಇದೂ ಒಂದು ಕಾರಣ.

ಇವನ್ನೂ ನೋಡಿ

ಪಿಸ್ತೂಲು
ರಿವಾಲ್ವರ್
ಒಲಿಂಪಿಕ್ ಕ್ರೀಡೆಗಳಲ್ಲಿ ಶೂಟಿಂಗ್
ಶಸ್ತ್ರಾಸ್ತ್ರ ಕಾಯಿದೆ, 1959
ರಾಷ್ಟ್ರೀಯ ಕೆಡೆಟ್ ಕೋರ್